ಕರೂಸೋ ದನಿಯಿಂದ ಹಾರ್ನ್ ಬಿಡಿಸಿದ ಲೆಕ್ಕ

1902ರ ಏಪ್ರಿಲ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅನ್ನೋರು ಇಟಲಿಯ ಮಿಲಾನ್‌ನ ಒಂದು ಹೋಟೆಲ್ ರೂಮಲ್ಲಿ ಆಪೆರಾ (ಹಾಡಿನಲ್ಲೇ ನಡೆಯೋ ನಾಟಕ) ಗಾಯಕ ಎನ್ರಿಕೊ ಕರೂಸೋ ಹಾಡನ್ನ ರೆಕಾರ್ಡ್ ಮಾಡಿದ್ರು, ಅದೇ ವರ್ಷ ನವೆಂಬರ್‌ನಲ್ಲಿ ಕಲ್ಕತ್ತಾಗೆ ಬಂದು ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಅವರ ಹಾಡನ್ನೂ ಮಾಡಿದ್ರು. ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಆಸ್ಥಾನದಲ್ಲಿದ್ದು 1930ರಲ್ಲಿ ಮೈಸೂರಲ್ಲೇ ತೀರಿಕೊಂಡಿದ್ದು. ಎರಡು ಕಡೆನೂ ಮೈಕ್ ಇರಲಿಲ್ಲ. ದೊಡ್ಡ ಹಾರ್ನ್ ಬಾಯಿಗೆ ಮುಖ ಕೊಟ್ಟು ಗಟ್ಟಿಯಾಗಿ ಹಾಡಬೇಕು, ಹಾರ್ನ್ ತುದೀಲಿರೋ ತೆಳು ಪರದೆ ನಡುಗುತ್ತೆ, ಪರದೆಗೆ ಸೇರಿಸಿರೋ ಸೂಜಿ ಮೇಣದ ಮೇಲೆ ಗೀರು ಕೊರೆಯುತ್ತೆ, ಅಷ್ಟೇ. ಮೈಕ್ ಇಟ್ಟು ರೆಕಾರ್ಡ್ ಮಾಡೋದು ಶುರುವಾಗಿದ್ದು 1925ರಲ್ಲಿ, ಅಷ್ಟೊತ್ತಿಗೆ ಕರೂಸೋ ತೀರಿಕೊಂಡು ನಾಲ್ಕು ವರ್ಷ ಆಗಿತ್ತು. ಅಂದ್ರೆ ಅವರ ಒಂದೊಂದು ರೆಕಾರ್ಡೂ ಹಾರ್ನ್ ಒಳಗಿಂದ ಬಂದಿದ್ದೇ.

ಹಾರ್ನ್ ಸುಮ್ನೆ ದನಿ ದಾಟಿಸೋ ಕೊಳವೆ ಅಲ್ಲ, ಅದಕ್ಕೆ ಅದರದೇ ಗುಣ ಇದೆ. ಕೆಲವು ಫ್ರೀಕ್ವೆನ್ಸಿಗಳನ್ನ (ಸದ್ದು ಸೆಕೆಂಡಿಗೆ ಎಷ್ಟು ಸಲ ನಡುಗುತ್ತೆ ಅನ್ನೋ ಲೆಕ್ಕ) ಉಬ್ಬಿಸುತ್ತೆ, ಕೆಲವನ್ನ ನುಂಗಿಬಿಡುತ್ತೆ, ಹಾಗಾಗಿ ಒಂದು ಸ್ವರಕ್ಕೆ ಬಂದಾಗ ದನಿ ಗುಂಯ್ ಅಂತ ಎದ್ದು ಪಕ್ಕದ ಸ್ವರಕ್ಕೆ ಹೋದ ತಕ್ಷಣ ಮೂಗಿಂದ ಹಾಡಿದ ಹಾಗೆ ಆಗುತ್ತೆ. ಹಳೇ ಗ್ರಾಮಫೋನ್ ಪ್ಲೇಟ್‌ಗಳಲ್ಲಿ ಎಲ್ಲರೂ ತಗಡಿನ ದನಿಯವರ ಥರ ಕೇಳೋದಕ್ಕೆ ಚರಚರ ಸದ್ದಿಗಿಂತ ಇದೇ ದೊಡ್ಡ ಕಾರಣ. ಹಾರ್ನ್ ಕೈಗೆ ಸಿಕ್ಕಿದ್ರೆ ಅದರ ಗುಣ ಅಳೆದು ಉಲ್ಟಾ ಫಿಲ್ಟರ್ ಹಾಕಬಹುದು. ಆದ್ರೆ ಯಾವ ರೆಕಾರ್ಡ್‌ಗೆ ಯಾವ ಹಾರ್ನ್ ಅಂತ ಈಗ ಹೇಳೋರು ಯಾರಿದ್ದಾರೆ? ಕೈಲಿರೋದು ಪ್ಲೇಟ್ ಒಂದೇ, ಅದರಲ್ಲಿ ದನಿ ಮತ್ತು ಹಾರ್ನ್ ಎರಡೂ ಬೆರೆತುಹೋಗಿವೆ.

ಇದನ್ನ ಬಿಡಿಸಿದೋರು ಅಮೆರಿಕದ ಯೂಟಾ ಯೂನಿವರ್ಸಿಟಿಯ ಥಾಮಸ್ ಸ್ಟಾಕ್‌ಹ್ಯಾಮ್, 1970ರ ದಶಕದಲ್ಲಿ. (ಅಮೆರಿಕದ ಅಧ್ಯಕ್ಷರಾಗಿದ್ದ ನಿಕ್ಸನ್ ಅವರ ಟೇಪ್‌ನಲ್ಲಿ ಹದಿನೆಂಟೂವರೆ ನಿಮಿಷ ಅಳಿಸಿಹೋಗಿದ್ದನ್ನ ಪರೀಕ್ಷೆ ಮಾಡಿದ ತಜ್ಞರಲ್ಲಿ ಇವರೂ ಒಬ್ರು.) ಅವರ ಉಪಾಯ ನನಗೆ ಇವತ್ತಿಗೂ ಸಿಗ್ನಲ್ ಪ್ರೊಸೆಸಿಂಗ್‌ನ (ಸದ್ದು, ಚಿತ್ರಗಳನ್ನ ಲೆಕ್ಕದಿಂದ ತಿದ್ದೋ ವಿದ್ಯೆ) ಅತಿ ಸುಂದರ ಯೋಚನೆಗಳಲ್ಲಿ ಒಂದು, ಆದ್ರಿಂದ ನಿಧಾನಕ್ಕೆ ಹೇಳ್ತೀನಿ.

ಮೊದಲು ರೆಕಾರ್ಡನ್ನ ನಂಬರ್‌ಗಳಾಗಿ ಮಾಡಿ ಸಣ್ಣ ಸಣ್ಣ ತುಂಡು ಮಾಡೋದು. ಪ್ರತಿ ತುಂಡಲ್ಲೂ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅಂತ ಫೂರಿಯೆ ಲೆಕ್ಕದಿಂದ ತೆಗೆಯೋದು. ಹಾಗೆ ಬರೋ ಉತ್ತರ ಹಾಡುಗಾರರ ದನಿ ಗುಣಿಸು ಹಾರ್ನ್. ಈಗ ಲಾಗರಿದಮ್ ತಗೊಳ್ಳಿ, ಗುಣಾಕಾರ ಹೋಗಿ ಬರೀ ಕೂಡೋದಾಗುತ್ತೆ. ಹಾಡಲ್ಲಿ ಸ್ವರ ಬದಲಾಗ್ತಾ ಇರುತ್ತೆ, ಅಕ್ಷರ ಬದಲಾಗ್ತಾ ಇರುತ್ತೆ, ಆದ್ರೆ ಹಾರ್ನ್ ಮಾತ್ರ ಮೊದಲಿಂದ ಕೊನೆವರೆಗೂ ಒಂದೇ, ಹಾಗಾಗಿ ಎಲ್ಲಾ ತುಂಡುಗಳ ಸರಾಸರಿ ತೆಗೆದ್ರೆ ಹಾರ್ನ್ ಪೂರ್ತಿ ಉಳಿಯುತ್ತೆ, ಜೊತೆಗೆ ದನಿಯ ಸರಾಸರಿನೂ ಉಳಿಯುತ್ತೆ. ಇಲ್ಲಿ ಬಂದು ಸಿಕ್ಕಿಹಾಕಿಕೊಳ್ಳುತ್ತೆ, ಮೊತ್ತ ಗೊತ್ತು, ಆದ್ರೆ ಅದರಲ್ಲಿ ದನಿ ಎಷ್ಟು, ಹಾರ್ನ್ ಎಷ್ಟು ಗೊತ್ತಿಲ್ಲ.

ಅದಕ್ಕೆ ಅವರು ಅದೇ ಹಾಡನ್ನ ಮುಂದೆ ಇನ್ನೊಬ್ಬ ಗಾಯಕರು ಒಳ್ಳೇ ಮೈಕ್ ಮುಂದೆ ಹಾಡಿದ ರೆಕಾರ್ಡ್ ತಗೊಂಡ್ರು. ಅವೇ ಸ್ವರ, ಅದೇ ಸಾಹಿತ್ಯ, ಹಾಗಾಗಿ ದನಿಯ ಸರಾಸರಿ ಹತ್ತಿರ ಹತ್ತಿರ ಒಂದೇ ಇರಬೇಕಲ್ವಾ. ಅದನ್ನ ಕಳೆದ್ರೆ ಉಳಿಯೋದು ಹಾರ್ನ್! ಯಾರೂ ಮುಟ್ಟಿ ನೋಡಲಾಗದ ವಸ್ತುವಿನ ಅಳತೆ, ಅದು ಬಿಟ್ಟುಹೋದ ಗುರುತಿಂದಲೇ ಸಿಕ್ಕಿಬಿಡ್ತು. ಹಾಗಾದ್ರೆ ಆ ಇನ್ನೊಬ್ಬರ ದನಿನೇ ಕರೂಸೋಗೆ ಮೆತ್ತಿದ ಹಾಗಾಗಲ್ವಾ ಅಂತ ನೀವು ಕೇಳಬಹುದು, ನ್ಯಾಯವಾದ ಪ್ರಶ್ನೆ. ಸ್ವಲ್ಪ ಬಣ್ಣ ಬರಬಹುದು, ಆದ್ರೆ ಬಳಸೋದು ಇಡೀ ಹಾಡಿನ ನಯ ಮಾಡಿದ ಸರಾಸರಿ ಮಾತ್ರ, ಕಂಪನ, ಉಸಿರು, ಪದ ಎಳೆಯೋ ರೀತಿ ಎಲ್ಲ ಕರೂಸೋದೇ. 1976ರಲ್ಲಿ ಆರ್‌ಸಿಎ ಕಂಪನಿ ಹೀಗೆ ತಿದ್ದಿದ ಹಾಡುಗಳನ್ನ ಎಲ್‌ಪಿಯಾಗಿ (ಆಮೇಲೆ ಬಂದ ಸಣ್ಣ ಗೀರಿನ ಪ್ಲೇಟ್) ತಂತು.

ಇನ್ನೊಂದು ತೊಂದರೆ ಸ್ಪೀಡು. 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ಅಂತ ಹೆಸರಿದ್ರೂ ಆಗಿನ ಪ್ಲೇಟ್‌ಗಳು ಎಲ್ಲಾ ಆ ಸ್ಪೀಡಲ್ಲೇ ತಯಾರಾಗಿರಲಿಲ್ಲ. 78ರದ್ದನ್ನ 80ರಲ್ಲಿ ಓಡಿಸಿದ್ರೆ ಶ್ರುತಿ ಹಾರ್ಮೋನಿಯಂನ ಅರ್ಧ ಮನೆಯಷ್ಟು ಹತ್ತಿರ ಹತ್ತಿರ ಮೇಲೇಳುತ್ತೆ, 72ರದ್ದನ್ನ 78ರಲ್ಲಿ ಓಡಿಸಿದ್ರೆ ಒಂದು ಮನೆ ದಾಟಿಹೋಗುತ್ತೆ. ಇಟಲಿಯ ಆಪೆರಾದಲ್ಲಿ ಹಾಡು ಯಾವ ಶ್ರುತಿ ಅಂತ ಬರೆದಿರುತ್ತೆ, ಅದಕ್ಕೆ ಹೋಲಿಸಿ ಸ್ಪೀಡ್ ಕಂಡುಹಿಡಿಯಬಹುದು. ನಮ್ಮಲ್ಲಿ ಹಾಡುವವರು ಇಟ್ಟಿದ್ದೇ ಷಡ್ಜ, ಹಾಗಾಗಿ ಗೌಹರ್ ಜಾನ್ ಅವರ ನಿಜವಾದ ಶ್ರುತಿ ಯಾವುದು ಅಂತ ಬರೀ ಶ್ರುತಿ ಅಳೆದು ಹೇಳೋಕೆ ಬರಲ್ಲ.

ಸ್ಪೀಡಿನ ಅಂದಾಜು ಸಿಕ್ಕ ಮೇಲೆ ತಿದ್ದೋದು ಸುಲಭ, ಇಡೀ ರೆಕಾರ್ಡನ್ನ ಹಿಗ್ಗಿಸಿದ್ರೆ ಇಲ್ಲಾ ಕುಗ್ಗಿಸಿದ್ರೆ ಶ್ರುತಿ, ಕಾಲ ಎರಡೂ ಒಟ್ಟಿಗೆ ಸರಿಹೋಗುತ್ತೆ. ಪಾಠ ಮಾಡಿಕೊಳ್ಳೋಕೆ ಶ್ರುತಿ ಹಾಗೇ ಇಟ್ಟು ಕಾಲ ಮಾತ್ರ ನಿಧಾನ ಮಾಡ್ತೀವಲ್ಲ, ಅದು ಬೇರೆ ಕೆಲಸ. ಅದಕ್ಕಿರೋ ದಾರಿಗಳಲ್ಲಿ ಒಂದು ಫೇಸ್ ವೊಕೋಡರ್, ಇದೂ ಹಾಡನ್ನ ತುಂಡು ಮಾಡಿ ಫೂರಿಯೆ ಲೆಕ್ಕ ಹಾಕೋದೇ, 1966ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾ ಕೇಂದ್ರದ ಫ್ಲಾನಗನ್ ಮತ್ತು ಗೋಲ್ಡನ್ ಅದನ್ನ ವಿವರಿಸಿದ್ರು. ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದನ್ನ ಅಳೆದಿಟ್ಟ ನಂಬರ್) ಇರೋ ಹಾಡಲ್ಲಿ 4096 ಸ್ಯಾಂಪಲ್‌ನ ತುಂಡು ಅಂದ್ರೆ 93 ಮಿಲಿಸೆಕೆಂಡ್, ಪಕ್ಕಪಕ್ಕದ ಸ್ವರ ಬೇರೆ ಮಾಡೋಕೆ ಅಷ್ಟು ಉದ್ದ ಬೇಕು, ಆದ್ರೆ ಅದರಲ್ಲಿ ಮೃದಂಗದ ಒಂದು ಚಾಪು ಬಿದ್ರೆ ಅದರ ಪೆಟ್ಟು ಇಡೀ ತುಂಡಿಗೆ ಹರಡಿ ಮೊಂಡಾಗುತ್ತೆ. ತುಂಡು ಚಿಕ್ಕದು ಮಾಡಿದ್ರೆ ಪೆಟ್ಟು ಸರಿಯಾಗುತ್ತೆ, ಸ್ವರ ಮಸುಕಾಗುತ್ತೆ. ಎರಡನ್ನೂ ಒಟ್ಟಿಗೆ ಪೂರ್ತಿ ಉಳಿಸೋಕೆ ಗಣಿತವೇ ಬಿಡಲ್ಲ.

ಹಾರ್ನ್ ನುಂಗಿಹಾಕಿದ್ದು ಗೀರಲ್ಲೇ ಇಲ್ಲದಿದ್ರೆ ಯಾವ ಫಿಲ್ಟರೂ ಅದನ್ನ ತರಲ್ಲ, ಈಗಿನ ಎಐ ಟೂಲ್‌ಗಳು ಅಲ್ಲಿ ತುಂಬೋದು ಊಹೆ. ಕೇಳೋಕೆ ಚೆನ್ನಾಗಿರಬಹುದು, ಆದ್ರೆ ಅದನ್ನ ಹಾಡಿದವರ ದನಿ ಅಂತ ನಾನು ಒಪ್ಪಲ್ಲ. ಆದ್ದರಿಂದ ನಿಮ್ಮನೆ ಅಟ್ಟದಲ್ಲಿ ತಾತನ ಕಾಲದ ಪ್ಲೇಟ್ ಇದ್ರೆ ದಯವಿಟ್ಟು ಎಲ್‌ಪಿ ಸೂಜಿ ಇಡಬೇಡಿ, 78ರ ಗೀರು ಅಗಲ, ಅದಕ್ಕೆ ದಪ್ಪ ಸೂಜಿನೇ ಬೇಕು. ಕಂಪ್ಯೂಟರ್‌ಗೆ 24 ಬಿಟ್‌ನಲ್ಲಿ, ಸಾಧ್ಯವಾದ್ರೆ 96 ಕಿಲೊಹರ್ಟ್ಸ್‌ನಲ್ಲಿ (ಸೆಕೆಂಡಿಗೆ 96,000 ಸ್ಯಾಂಪಲ್) ಹಿಡಿದು, ಚರಚರ ಸದ್ದು ಸಮೇತ ಮೊದಲ ಕಾಪಿ ಹಾಗೇ ಇಟ್ಟುಬಿಡಿ. ಕ್ಲೀನ್ ಮಾಡೋದಿದ್ರೆ ಇನ್ನೊಂದು ಕಾಪಿಯಲ್ಲಿ ಮಾಡಿ.