ಮುಹೂರ್ತದ ಸದ್ದು, ಕೇಬಲ್‌ನ ತಕ್ಕಡಿ

ಹಾಸನದ ಕಲ್ಯಾಣ ಮಂಟಪದಲ್ಲಿ ಅಕ್ಕನ ಮಗಳ ಮದುವೆ. ವಿಡಿಯೋ ಹೊಣೆ ನನ್ನದು. ಮಂತ್ರ ಚೆನ್ನಾಗಿ ಕೇಳಲಿ ಅಂತ ಮೈಕನ್ನು ಮಂಟಪದ ಕಂಬಕ್ಕೆ ಕಟ್ಟಿ, ಕ್ಯಾಮೆರಾವರೆಗೆ ಹತ್ತು ಮೀಟರ್ ತೆಳು ಕೇಬಲ್ ಎಳೆದಿದ್ದೆ. ಮನೆಗೆ ಬಂದು ಕೇಳಿದರೆ ಮಂತ್ರದ ಜೊತೆಗೆ ಉದ್ದಕ್ಕೂ ‘ಗುಂಯ್’ ಅನ್ನುವ ಸದ್ದು. ತಾಳಿ ಕಟ್ಟಿದ ಗಳಿಗೆ ಮತ್ತೆ ಬರುವುದಿಲ್ಲ ಅಲ್ವಾ? ಆ ಸಂಕಟ ಇವತ್ತಿಗೂ ಇದೆ.

ಕೇಬಲ್ಲು ಸೀರಿಯಲ್ ಸೆಟ್ಟಿನ ವೈರಿಗೆ ಅಂಟಿಕೊಂಡೇ ಹೋಗಿತ್ತು. ಆ ವೈರಿನಲ್ಲಿ 230 ವೋಲ್ಟ್ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಲಾಡುತ್ತಿರುತ್ತದೆ. ಮೈಕಿನಿಂದ ಬರುವುದೋ, ಒಂದು ವೋಲ್ಟಿನ ಸಾವಿರದಲ್ಲಿ ಕೆಲವೇ ಪಾಲು. ಪಕ್ಕದ ವೈರಿನಿಂದ ಚೂರು ಸೋರಿದರೂ ಕಿವಿಗೆ ಬೀಳುತ್ತದೆ.

ಇದಕ್ಕೆ ಮದ್ದು ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್. ಸಂತೆಯ ತಕ್ಕಡಿ ನೆನಪಿಸಿಕೊಳ್ಳಿ. ಎರಡೂ ತಟ್ಟೆಗೆ ಒಂದೇ ತೂಕದ ಕಲ್ಲು ಹಾಕಿದರೆ ಮುಳ್ಳು ಅಲುಗುವುದಿಲ್ಲ. ಈ ಕೇಬಲ್‌ನಲ್ಲಿ ಒಂದನೇ ಪಿನ್ನು ತಂತಿಗಳ ಸುತ್ತಲಿನ ಲೋಹದ ಕವಚದ್ದು. ಎರಡು ಮತ್ತು ಮೂರನೇ ಪಿನ್ನುಗಳಿಗೆ ಒಂದಕ್ಕೊಂದು ಹೊಸೆದ ಎರಡು ತಂತಿ. ಮೈಕಿನ ಧ್ವನಿ ಅವುಗಳಲ್ಲಿ ಒಂದಕ್ಕೊಂದು ತಿರುವುಮುರುವಾಗಿ ಹೋಗುತ್ತದೆ. ಹೊರಗಿನ ಗದ್ದಲ ಮಾತ್ರ ಎರಡರ ಮೇಲೂ ಹೆಚ್ಚುಕಮ್ಮಿ ಸಮನಾಗಿ ಬೀಳುತ್ತದೆ. ಹೊಸೆದಿರುವುದರಿಂದ ಕರೆಂಟಿನ ಹತ್ತಿರ ಬರುವ ಸರದಿ ಎರಡಕ್ಕೂ ಸಿಗುತ್ತದೆ. ಆ ತುದಿಯ ಯಂತ್ರ ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ತೆಗೆದುಕೊಳ್ಳುತ್ತದೆ. ಗದ್ದಲ ಕಳೆದುಹೋಗಿ ಧ್ವನಿ ಉಳಿಯುತ್ತದೆ. ಇಷ್ಟು ಸರಳ ಉಪಾಯ ಇಷ್ಟು ಕೆಲಸ ಮಾಡುವುದು ಕಂಡು ನನಗೆ ಈಗಲೂ ಬೆರಗು.

ಸಣ್ಣ ಕ್ಯಾಮೆರಾಗಳ 3.5 ಮಿ.ಮೀ. ಪಿನ್ನಿನಲ್ಲೂ ಮೂರು ಭಾಗ ಕಾಣುತ್ತವೆ. ಮೋಸಹೋಗಬೇಡಿ. ಅವು ಎಡ, ಬಲ ಮತ್ತು ಕವಚ, ಅಲ್ಲಿ ತಕ್ಕಡಿ ಇಲ್ಲ. ಆ ಕೇಬಲ್ಲು ಮೊಳದುದ್ದ ಇದ್ದರೆ ಸಾಕು. ದೂರ ಜಾಸ್ತಿ ಇದ್ದರೆ ಎಕ್ಸ್‌ಎಲ್‌ಆರ್ ಎಳೆದು, ಕ್ಯಾಮೆರಾ ಪಕ್ಕ ಅದೇ ಪಿನ್ನು ಹಿಡಿಸುವ ರೆಕಾರ್ಡರ್ ಇಡಿ. ಸುಮ್ನೆ ಪಿನ್ನು ಬದಲಿಸುವ ತುಂಡು ಸಿಕ್ಕಿಸಿದರೆ ತಕ್ಕಡಿ ಕೆಲಸ ಮಾಡುವುದಿಲ್ಲ.

ಕೊಳ್ಳುವಾಗ ಬಂಗಾರದ ಬಣ್ಣ ನೋಡಬೇಡಿ. ಸಕಲೇಶಪುರದ ಮಳೆಗಾಲದಲ್ಲಿ ಪಿನ್ನು ಕಪ್ಪಾಗದಂತೆ ಬಂಗಾರದ ಲೇಪ ಸ್ವಲ್ಪ ಕಾಯುತ್ತದೆ, ಅಷ್ಟೇ. ಗುಂಯ್ ಸದ್ದಿಗೂ ಅದಕ್ಕೂ ಸಂಬಂಧವಿಲ್ಲ. ಬಿಚ್ಚಲು ಬರುವ ಪಿನ್ನು ಬೇಕು, ಒಳಗೆ ಬೆಸುಗೆ ಗಟ್ಟಿಯಾಗಿರಬೇಕು, ಎಳೆದರೆ ಭಾರ ಬೆಸುಗೆಗೆ ಬೀಳದಂತೆ ಕೇಬಲ್‌ನ ಮೈ ಹಿಡಿಯುವ ಹಿಡಿಕೆ ಇರಬೇಕು. ಕವಚ ಹೆಣೆದ ತಾಮ್ರದ್ದಾದರೆ ಒಳ್ಳೆಯದು. ತೆಳು ಹಾಳೆಯ ಕವಚ ಗೋಡೆಯೊಳಗೆ ಕದಲದೆ ಇರಲು ಸರಿ, ದಿನಾ ಸುತ್ತಿ ಬಿಚ್ಚಿದರೆ ಹರಿಯುತ್ತದೆ. ಕೆಟ್ಟರೆ ತುದಿ ಕತ್ತರಿಸಿ ಮತ್ತೆ ಬೆಸೆಯಬಹುದು. ಕಡಿಮೆ ಖರ್ಚು ಅಂದರೆ ನನ್ನ ಲೆಕ್ಕದಲ್ಲಿ ಇದೇ.

ಕಾರ್ಯಕ್ರಮದ ಹಿಂದಿನ ದಿನ ಕರೆಂಟು ಅಳೆಯುವ ಮಲ್ಟಿಮೀಟರನ್ನು, ತಂತಿ ತುಂಡಾಗದಿದ್ದರೆ ಸದ್ದು ಮಾಡುವ ಬೀಪ್‌ಗೆ ಇಟ್ಟು ಮೂರೂ ಪಿನ್ನು ನೋಡಿ. ನೋಡುವಾಗ ಎರಡೂ ತುದಿಗಳನ್ನು ಬಗ್ಗಿಸಿ, ಅಲುಗಾಡಿಸಿ. ಬೀಪ್ ತಡವರಿಸಿದರೆ ಆ ಕೇಬಲ್ ಚೀಲಕ್ಕೆ ಬೇಡ. ಮಂಟಪದಲ್ಲಿ ಕರೆಂಟಿನ ವೈರನ್ನು ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ, ಜೊತೆಜೊತೆಗೆ ಓಡಿಸಬೇಡಿ.