ತರಿಸಿದ್ದು ಒಂದು, ಕುಡಿದದ್ದು ನಾಲ್ಕು

“ನಾನು ಕುಡುಕನಲ್ಲ ಡಾಕ್ಟರೇ. ಮನೆಗೆ ಬಾಟಲಿ ತಂದವನಲ್ಲ, ಒಬ್ಬನೇ ಕೂತು ಕುಡಿದವನೂ ಅಲ್ಲ. ಸ್ನೇಹಿತರಿಗೆ ಕಂಪನಿ ಕೊಡುತ್ತೇನೆ, ಅಷ್ಟೇ.” ಮದ್ಯವ್ಯಸನಕ್ಕೆ ಚಿಕಿತ್ಸೆ ಕೊಡುವ ನಾನು ಈ ಮಾತು ಕೇಳದ ವಾರವೇ ಇಲ್ಲ. ಲಿವರ್ ಪರೀಕ್ಷೆಯ ವರದಿ ಮೇಜಿನ ಮೇಲಿರುತ್ತದೆ. ಪಕ್ಕದಲ್ಲಿ ಹೆಂಡತಿ ಸೆರಗಿನ ಅಂಚು ತಿರುಚುತ್ತ ಕೂತಿರುತ್ತಾರೆ.

“ಒಂದು ಸಂಜೆಗೆ ಎಷ್ಟು?” ಎಂದು ಕೇಳಿದರೆ “ಒಂದು ಲಾರ್ಜ್” ಎನ್ನುತ್ತಾನೆ. ಸುಳ್ಳು ಹೇಳುತ್ತಿದ್ದಾನೆಂದು ಹೆಂಡತಿ ರೇಗುತ್ತಾರೆ. ನನ್ನ ಅನುಭವದಲ್ಲಿ ಅನೇಕ ಸಲ ಅದು ಸುಳ್ಳಲ್ಲ. ತಾನು ದುಡ್ಡು ಕೊಟ್ಟು ತರಿಸಿದ ರೌಂಡನ್ನು ಮಾತ್ರ ಆತ ಲೆಕ್ಕ ಹಿಡಿದಿರುತ್ತಾನೆ.

ಈ ಲೆಕ್ಕವನ್ನು ಎಷ್ಟು ಸಲ ಹೇಳಿದರೂ ತಲೆಗೆ ಇಳಿಯುವುದಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಬಾರಿನ ಮೇಜಿಗೆ ನಾಲ್ವರು ಕೂತರು. ಮೊದಲ ರೌಂಡ್, ಅಂದರೆ ಎಲ್ಲರಿಗೂ ಒಂದೊಂದು ಲಾರ್ಜ್, ಒಬ್ಬ ಹೇಳಿದ. ಅವನದನ್ನು ಕುಡಿದ ಮೇಲೆ ಉಳಿದ ಮೂವರ ಮೇಲೂ ಋಣ ಬಿತ್ತು. ತನ್ನ ಸರದಿ ತೀರಿಸದೆ ಎದ್ದರೆ ಜಿಪುಣನೆಂಬ ಹೆಸರು, ತೀರಿಸಿ ಎದ್ದರೆ “ನಮ್ಮದು ಬೇಡವಾಯಿತೇ?” ಎಂಬ ಮುನಿಸು. ಹಾಗಾಗಿ ನಾಲ್ಕು ಜನಕ್ಕೆ ನಾಲ್ಕು ರೌಂಡ್. ಆರು ಜನ ಕೂತಿದ್ದರೆ ಆರು. ಎಷ್ಟು ಕುಡಿಯಬೇಕೆಂಬುದನ್ನು ನಿಮ್ಮ ಬಾಯಾರಿಕೆ ತೀರ್ಮಾನಿಸಲಿಲ್ಲ, ಮೇಜಿನ ಸುತ್ತಲಿನ ಕುರ್ಚಿಗಳು ತೀರ್ಮಾನಿಸಿದವು. 60 ಮಿಲಿಯ ನಾಲ್ಕು ಲಾರ್ಜ್ ಎಂದರೆ 240 ಮಿಲಿ, 180 ಮಿಲಿಯ ಒಂದು ಕ್ವಾರ್ಟರ್ ಬಾಟಲಿಗಿಂತ ಹೆಚ್ಚು. ಅದರಲ್ಲಿ ಶುದ್ಧ ಮದ್ಯಸಾರ ಸುಮಾರು 80 ಗ್ರಾಂ. ಲಿವರ್ ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ 10 ಗ್ರಾಂ. ಎಂಟು ಗಂಟೆಗೆ ಕೂತು ಹತ್ತಕ್ಕೆ ಬೈಕ್ ಹತ್ತಿದವನಿಗೆ ಅಮಲು ಇಳಿಯುವ ಹೊತ್ತಿಗೆ ಬೆಳಗಿನ ಜಾವ.

ಇದು ನಮ್ಮ ಊರಿನ ಚಾಳಿ ಮಾತ್ರವಲ್ಲ. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಲಂಡನ್ನಿನ ಪಬ್ಬುಗಳಲ್ಲಿ ಒಬ್ಬರು ಇನ್ನೊಬ್ಬರಿಗೆ ಮದ್ಯ ಕೊಡಿಸುವುದನ್ನೇ ಸರ್ಕಾರ ನಿಷೇಧಿಸಿತ್ತು. ಕೆನಡಾದ ಎಡ್ಮಂಟನ್ ನಗರದ ಬಿಯರ್ ಪಾರ್ಲರುಗಳಲ್ಲಿ ಕೂತು ಗಮನಿಸಿದ ರಾಬರ್ಟ್ ಸೋಮರ್ ಎಂಬ ಮನೋವಿಜ್ಞಾನಿ 1965ರಲ್ಲಿ ಪ್ರಕಟಿಸಿದ್ದೂ ಇದಕ್ಕೆ ಹತ್ತಿರದ ಸಂಗತಿ: ಗುಂಪಿನಲ್ಲಿ ಕೂತವರು ಒಂಟಿಯಾಗಿ ಕೂತವರಿಗಿಂತ ಹೆಚ್ಚು ಕುಡಿದರು, ಬೇಗಬೇಗ ಕುಡಿದದ್ದರಿಂದಲ್ಲ, ಹೆಚ್ಚು ಹೊತ್ತು ಕೂತದ್ದರಿಂದ. ಏಳಲು ಯಾರಿಗೂ ಮನಸ್ಸಾಗುವುದಿಲ್ಲ. ಲೋಟ ಪೂರ್ತಿ ಖಾಲಿಯಾಗುವ ಮೊದಲೇ ಸಪ್ಲೈಯರ್ ಮತ್ತೆ ಬಂದಿರುತ್ತಾನೆ, ಮಸಾಲೆ ಕಡಲೆಬೀಜದ ತಟ್ಟೆಯೂ ಬಂದಿರುತ್ತದೆ.

ಹಾಗೆಂದು ಎಲ್ಲ ತಪ್ಪನ್ನೂ ಸ್ನೇಹಿತರ ತಲೆಗೆ ಕಟ್ಟಲಾರೆ. ವಂಶ, ಖಿನ್ನತೆ, ನಿದ್ದೆಗೇಡು, ಸಾಲ ಎಲ್ಲವೂ ಇದರಲ್ಲಿ ಸೇರಿರುತ್ತವೆ. “ನಾಳೆಯಿಂದ ಆ ಗುಂಪನ್ನೇ ಬಿಡು” ಎಂದು ಮನೆಯವರು ಆಣೆ ಹಾಕಿಸುವುದನ್ನೂ ನಾನು ಒಪ್ಪುವುದಿಲ್ಲ. ಎಷ್ಟೋ ಗಂಡಸರಿಗೆ ಮನಸ್ಸು ಬಿಚ್ಚಿ ಮಾತಾಡಲು ಇರುವುದು ಆ ಒಂದು ಮೇಜು ಮಾತ್ರ. ಇನ್ನೊಂದು ಎಚ್ಚರಿಕೆ: ಬೆಳಿಗ್ಗೆ ಕೈ ನಡುಗುವವರು, ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಬಾರದು. ಫಿಟ್ಸ್ ಬರಬಹುದು. ವೈದ್ಯರನ್ನು ಕಂಡೇ ನಿಲ್ಲಿಸಿ.

ಕಳೆದ ವರ್ಷ ಒಬ್ಬರಿಗೆ “ನಿಮ್ಮ ಗೆಳೆಯರನ್ನೂ ಕರೆತನ್ನಿ” ಎಂದೆ. ನಿಜಕ್ಕೂ ಮೂವರು ಬಂದರು, ಚಪ್ಪಲಿ ಹೊರಗೆ ಬಿಟ್ಟು, ದೇವಸ್ಥಾನಕ್ಕೆ ಬಂದವರ ಹಾಗೆ. ಹಿರಿಯರೊಬ್ಬರು “ಸರ್, ನಾವೇನು ಅವನ ಬಾಯಿಗೆ ಸುರಿದಿಲ್ಲ” ಎಂದರು. ನಿಜವೇ. ಔಷಧಿ ಚೀಟಿಯ ಹಿಂಬದಿಯಲ್ಲಿ ನಾಲ್ಕು ಕುರ್ಚಿ, ನಾಲ್ಕು ರೌಂಡ್ ಬರೆದು ಲೆಕ್ಕ ತೋರಿಸಿದೆ. ಇನ್ನು ಮೇಲೆ ಅವರವರ ಬಿಲ್ಲು ಅವರವರೇ ಕೊಡಲಿ, ಇವರ ಲೋಟಕ್ಕೆ ನಿಂಬೆಸೋಡಾ ಇರಲಿ, ಏಕೆಂದು ಯಾರೂ ಕೇಳದಿರಲಿ ಎಂದೆ. ಒಬ್ಬರು ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ಬಾಗಿಲವರೆಗೆ ಹೋಗಿದ್ದ ಆ ಹಿರಿಯರು ಹಿಂತಿರುಗಿ ಬಂದು, ದನಿ ತಗ್ಗಿಸಿ ಕೇಳಿದರು: “ಹಾಗಾದರೆ ನನ್ನದೂ ಎಂಬತ್ತು ಗ್ರಾಂ ಆಯಿತಲ್ಲ ಸರ್. ನನಗೂ ಆ ಲಿವರ್ ಪರೀಕ್ಷೆ ಬರೆದುಕೊಡುತ್ತೀರಾ?”