ಗೀರು ಎಳೆದರೆ ನ್ಯೂಸ್‌ರೀಲ್ ಆಗದು

ಹಳೆಯ ಕಾಲದ ಕಥೆ ಇಟ್ಟುಕೊಂಡು ಸಿನಿಮಾ, ಕಿರುಚಿತ್ರ, ವೆಬ್ ಸರಣಿ ಮಾಡುವವರು ಎಡಿಟಿಂಗ್ ಟೇಬಲ್ಲಿಗೆ ತರುವ ಬೇಡಿಕೆಗಳಲ್ಲಿ ಇದೊಂದು: ‘ಇಲ್ಲಿ ಎರಡು ನಿಮಿಷದ ನ್ಯೂಸ್‌ರೀಲ್ ಬೇಕು, 1950ರದ್ದು ಅನ್ನಿಸಬೇಕು.’ ನ್ಯೂಸ್‌ರೀಲ್ ಅಥವಾ ವಾರ್ತಾಚಿತ್ರ ಎಂದರೆ ಥಿಯೇಟರಿನಲ್ಲಿ ಸಿನಿಮಾದ ಜೊತೆ ತೋರಿಸುತ್ತಿದ್ದ ಕಿರು ಸುದ್ದಿಚಿತ್ರ. ಸಾಮಾನ್ಯವಾಗಿ ಆಗುವುದು ಇಷ್ಟೇ. ಇವತ್ತಿನ ಕ್ಯಾಮೆರಾದಲ್ಲಿ ತೆಗೆದ ದೃಶ್ಯಕ್ಕೆ ಕಂದು ಬಣ್ಣ ಬಳಿಯುತ್ತಾರೆ, ಸಾಫ್ಟ್‌ವೇರಿನಲ್ಲಿ ಸಿದ್ಧವಾಗಿ ಸಿಗುವ ಗೀರು-ಧೂಳಿನ ಪದರ ಹೊದಿಸುತ್ತಾರೆ, ಗಡಸು ದನಿಯಲ್ಲಿ ನಾಲ್ಕು ಸಾಲು ಓದಿಸುತ್ತಾರೆ. ಪರದೆಯ ಮೇಲೆ ಬಂದಾಗ ಅದು ಯಾರಿಗೂ ನಂಬಿಕೆ ಹುಟ್ಟಿಸುವುದಿಲ್ಲ. ವಾರ್ತಾಚಿತ್ರವನ್ನು ವಾರ್ತಾಚಿತ್ರ ಮಾಡುವುದು ಅದನ್ನು ಕತ್ತರಿಸಿ ಜೋಡಿಸಿದ ರೀತಿ. ಪ್ರಚಾರ ಕೆಲಸ ಮಾಡುವುದೂ ಅಲ್ಲೇ. ಹಾಗಾಗಿ ನಕಲು ಮಾಡುವವರು ಮೊದಲು ಪ್ರಚಾರ ಹೇಗೆ ನಡೆಯುತ್ತಿತ್ತು ಎಂಬುದನ್ನು ಕಲಿಯಬೇಕು.

ಮೊದಲು ಅಳತೆ. 35 ಎಂಎಂ ಫಿಲ್ಮಿನಲ್ಲಿ ಅಡಿಗೆ 16 ಫ್ರೇಮು. ಧ್ವನಿ ಬಂದ ಮೇಲೆ ಸೆಕೆಂಡಿಗೆ 24 ಫ್ರೇಮು, ಅಂದರೆ ನಿಮಿಷಕ್ಕೆ 90 ಅಡಿ. ಸುಮಾರು 900 ಅಡಿಯ ವಾರ್ತಾಚಿತ್ರ ಹತ್ತು ನಿಮಿಷ ಓಡುತ್ತದೆ. ಯುದ್ಧಭೂಮಿಗೂ ಬೀದಿಗೂ ಹೋಗುತ್ತಿದ್ದ ಐಮೋ ಕ್ಯಾಮೆರಾಕ್ಕೆ ಹಿಡಿಯುತ್ತಿದ್ದುದು 100 ಅಡಿಯ ಸುರುಳಿ: ಒಂದು ನಿಮಿಷ, ಏಳು ಸೆಕೆಂಡು. ಅದಕ್ಕೆ ಮೋಟಾರಿನ ಬದಲು ಕೀಲಿ ಕೊಡುವ ಸ್ಪ್ರಿಂಗು. ಒಂದು ಸಲ ಕೀಲಿ ಕೊಟ್ಟರೆ ಅರ್ಧ ನಿಮಿಷದ ಆಚೀಚೆ ಓಡೀತು. ಹೀಗಿದ್ದಾಗ ಕ್ಯಾಮೆರಾಮನ್ ಸುಮ್ಮನೆ ತಿರುಗಿಸುತ್ತಾ ಕೂರಲಾರ. ನಾಯಕರು ಕಾರಿನಿಂದ ಇಳಿಯುವುದು, ಹಾರ, ರಿಬ್ಬನ್, ಭಾಷಣದ ಒಂದು ತುಣುಕು, ಜನ. ಒಂದೊಂದೂ ಮೂರರಿಂದ ಐದು ಸೆಕೆಂಡು. ಎರಡು ನಿಮಿಷದ ಸುದ್ದಿಗೆ ಮೂವತ್ತು ಚಿಲ್ಲರೆ ಶಾಟು ಬೇಕಾಗುತ್ತಿತ್ತು. ನಲವತ್ತು ಸೆಕೆಂಡು ನಿರಂತರ ತೇಲುವ ಶಾಟ್ ಇಟ್ಟಲ್ಲಿಗೆ ನಿಮ್ಮ ನಕಲು ಸಿಕ್ಕಿಬಿತ್ತು.

ಧ್ವನಿಯ ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಹೊರಗೆ ತೆಗೆದ ದೃಶ್ಯಗಳಲ್ಲಿ ಬಹುಪಾಲು ಮೂಕವಾಗಿಯೇ ಲ್ಯಾಬಿಗೆ ಬರುತ್ತಿದ್ದವು. ಚಪ್ಪಾಳೆ, ಜೈಕಾರ, ಫಿರಂಗಿ, ವಿಮಾನದ ಮೊರೆತ ಎಲ್ಲವೂ ಸಂಗ್ರಹದಿಂದ ತೆಗೆದು ಅಂಟಿಸಿದವು. ಒಂದು ಕಿಲೋಮೀಟರ್ ದೂರದ ಸ್ಫೋಟದ ಸದ್ದು ಕಿವಿಗೆ ಬರಲು ಸುಮಾರು ಮೂರು ಸೆಕೆಂಡು ಬೇಕು. ವಾರ್ತಾಚಿತ್ರದಲ್ಲಿ ಬೆಂಕಿ ಕಂಡ ಫ್ರೇಮಿನಲ್ಲೇ ಢಮ್ ಅನ್ನುತ್ತದೆ. ಜೈಕಾರವಂತೂ ಅಳೆಯಲಾಗದ ಪ್ರಚಾರ. ಸುಮ್ಮನೆ ನಿಂತು ನೋಡುತ್ತಿರುವ ಗುಂಪಿನ ಮೇಲೆ ಜೈಕಾರ ಹಾಕಿದರೆ ಆ ಗುಂಪು ಅಭಿಮಾನಿಗಳ ಗುಂಪಾಗುತ್ತದೆ. ಚಿತ್ರದಲ್ಲಿ ಒಂದು ಫ್ರೇಮನ್ನೂ ಮುಟ್ಟಿಲ್ಲ, ಆದರೂ ಸುಳ್ಳು ಹೇಳಿಯಾಯಿತು.

ಇದನ್ನು ಸ್ವಲ್ಪ ಹತ್ತಿರದಿಂದ ನೋಡಲು ಒಂದು ಕಲ್ಪಿತ ಸುದ್ದಿ ತೆಗೆದುಕೊಳ್ಳೋಣ: ನಾಲೆಯ ಉದ್ಘಾಟನೆ. ಸಚಿವರು ತೂಬಿನ ಚಕ್ರ ತಿರುಗಿಸುತ್ತಾರೆ, ನಾಲ್ಕು ಸೆಕೆಂಡು. ನೀರು ನುಗ್ಗುತ್ತದೆ, ಮೂರು. ಜನ, ಮೂರು, ಕ್ಯಾಮೆರಾ ಸೊಂಟದ ಎತ್ತರದಲ್ಲಿ ಇರುವುದರಿಂದ ಅರವತ್ತು ತಲೆ ಆರುನೂರರಂತೆ ಕಾಣುತ್ತವೆ. ವಯಸ್ಸಾದ ರೈತನೊಬ್ಬನ ಮುಖ, ಎರಡು. ಇದನ್ನು ಬೇರೆ ದಿನ, ಬೇರೆ ಊರಿನಲ್ಲಿ ತೆಗೆದಿದ್ದರೂ ಯಾರಿಗೆ ತಿಳಿಯಬೇಕು? ಮತ್ತೆ ನೀರು. ಮೇಲೆ ನಿರೂಪಣೆ: ‘ಸಾವಿರಾರು ಜನರ ಹರ್ಷೋದ್ಗಾರದ ನಡುವೆ ಮಾನ್ಯ ಸಚಿವರು ನಾಲೆಯ ತೂಬನ್ನು ತೆರೆದರು. ಈ ಭಾಗದ ರೈತರು ಇನ್ನು ಮಳೆಗಾಗಿ ಮುಗಿಲು ನೋಡಬೇಕಾಗಿಲ್ಲ.’ ಚಕ್ರ ತಿರುಗಿದ್ದು ನಿಜ, ನೀರು ನಿಜ, ರೈತ ನಿಜ. ಮುಳುಗಿದ ಹಳ್ಳಿಗಳ ಶಾಟ್ ಮಾತ್ರ ಎಲ್ಲೂ ಇಲ್ಲ. ಸರ್ಕಾರಿ ವಾರ್ತಾಚಿತ್ರದ ಪ್ರಚಾರ ಹೆಚ್ಚಾಗಿ ಇರುತ್ತಿದ್ದುದೇ ಹೀಗೆ, ಏನನ್ನು ಚಿತ್ರೀಕರಿಸಲಿಲ್ಲ, ಏನನ್ನು ಸೇರಿಸಲಿಲ್ಲ ಎಂಬುದರಲ್ಲಿ.

ಪ್ರಭುತ್ವಗಳು ಇದನ್ನು ಬಲ್ಲವು. ಜರ್ಮನಿಯಲ್ಲಿ 1940ರಲ್ಲಿ ಬೇರೆ ಬೇರೆ ಕಂಪನಿಗಳ ವಾರ್ತಾಚಿತ್ರಗಳನ್ನೆಲ್ಲ ಒಟ್ಟುಗೂಡಿಸಿ ‘ಡಾಯ್ಚೆ ವೊಖೆನ್‌ಶೌ’ ಎಂಬ ಒಂದೇ ವಾರಚಿತ್ರ ಮಾಡಿದರು. ಬಿಡುಗಡೆಗೆ ಮುಂಚೆ ಪ್ರಚಾರ ಸಚಿವ ಗೋಬೆಲ್ಸ್ ಖುದ್ದಾಗಿ ಕೂತು ನೋಡಿ ತಿದ್ದಿಸುತ್ತಿದ್ದ. ಸೇನೆಯೊಳಗೇ ಪ್ರಚಾರ ತುಕಡಿಗಳಿದ್ದು, ಸಮವಸ್ತ್ರ ತೊಟ್ಟ ಕ್ಯಾಮೆರಾಮನ್‌ಗಳು ಮುಂಚೂಣಿಯಿಂದ ಫಿಲ್ಮು ಕಳಿಸುತ್ತಿದ್ದರು. ನಕ್ಷೆಯ ಮೇಲೆ ಮುನ್ನುಗ್ಗುವ ಬಾಣಗಳು. 1941ರಲ್ಲಿ ರಷ್ಯಾ ಮೇಲಿನ ದಾಳಿ ಶುರುವಾದ ಮೇಲೆ ಸಂಗೀತ ರಚನೆಕಾರ ಲಿಸ್ಟ್‌ನ ‘ಲೆ ಪ್ರೆಲ್ಯೂಡ್’ನಿಂದ ಎತ್ತಿಕೊಂಡ ಕಹಳೆಯ ಗತ್ತು. ಆ ಸಂಗೀತ ಬಂದರೆ ಗೆದ್ದೆವೆಂದೇ ಅರ್ಥ. ಸೋಲು ಶುರುವಾದ ಮೇಲೂ ಅದೇ ಕಹಳೆಯನ್ನೇ ಊದಬೇಕಾಗಿ ಬಂದದ್ದು ಆ ವಿಧಾನದ ದೌರ್ಬಲ್ಯ.

ಮಿತ್ರರಾಷ್ಟ್ರಗಳೂ ಕೈಕಟ್ಟಿ ಕೂತಿರಲಿಲ್ಲ. 1940ರ ಜೂನ್‌ನಲ್ಲಿ ಫ್ರಾನ್ಸ್ ಶರಣಾಗಲು ಮುಂದಾದ ಸುದ್ದಿ ಮುಟ್ಟಿದಾಗ ಹಿಟ್ಲರ್ ಸಂತೋಷದಿಂದ ಒಂದು ಕಾಲೆತ್ತಿ ನೆಲಕ್ಕೆ ಬಡಿದ. ಆ ಕೆಲವೇ ಫ್ರೇಮುಗಳನ್ನು ಆಪ್ಟಿಕಲ್ ಪ್ರಿಂಟರಿನಲ್ಲಿ (ಫಿಲ್ಮನ್ನು ಒಂದೊಂದೇ ಫ್ರೇಮಾಗಿ ನಕಲಿಸುವ ಯಂತ್ರ) ಮತ್ತೆ ಮತ್ತೆ ಪ್ರಿಂಟ್ ಹಾಕಿ ಅವನು ಕುಣಿದಾಡುವಂತೆ ಮಾಡಿದರು. ಈ ಕೈಚಳಕ ಸಾಕ್ಷ್ಯಚಿತ್ರ ನಿರ್ಮಾಪಕ ಜಾನ್ ಗ್ರಿಯರ್ಸನ್‌ದೆಂದು ಹೇಳುತ್ತಾರೆ. ಇಂಥದ್ದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಮುಖ್ಯ ವ್ಯಕ್ತಿಯನ್ನು ಬಿಟ್ಟು ಹಿಂದೆ ನಿಂತವರನ್ನು ನೋಡಿ. ಅವರ ಕೈ, ಟೋಪಿ, ತಲೆ ತಿರುಗಿಸಿದ್ದು ಅದೇ ಕ್ರಮದಲ್ಲಿ ಮರುಕಳಿಸಿದರೆ ಅಥವಾ ಹಿಂದಕ್ಕೆ ಹೋಗಿ ಮುಂದಕ್ಕೆ ಬಂದರೆ ಫ್ರೇಮುಗಳನ್ನು ಸುತ್ತು ಹಾಕಿದ್ದಾರೆ.

ಇನ್ನೊಂದು ಪರೀಕ್ಷೆ ಇನ್ನೂ ಸರಳ: ಆ ಜಾಗಕ್ಕೆ ಕ್ಯಾಮೆರಾ ಹೇಗೆ ಬಂತು? 1916ರ ‘ಬ್ಯಾಟಲ್ ಆಫ್ ದ ಸೊಮ್’ ಚಿತ್ರದಲ್ಲಿ ಬ್ರಿಟಿಷ್ ಸೈನಿಕರು ಕಂದಕದಿಂದ ಮೇಲೆ ಹತ್ತುವ, ಹತ್ತುವಾಗಲೇ ಒಬ್ಬ ಜಾರಿ ಬೀಳುವ ದೃಶ್ಯ ಜಗತ್ಪ್ರಸಿದ್ಧ. ಅದು ಯುದ್ಧದ ಸಾಲಿನಿಂದ ಹಿಂದೆ, ತರಬೇತಿಯ ಕಂದಕದಲ್ಲಿ ತೆಗೆದದ್ದೆಂದು ಇತಿಹಾಸಕಾರರು ಗುರುತಿಸಿದ್ದಾರೆ. ನಿಜವಾದ ದಾಳಿಯಲ್ಲಿ ಕ್ಯಾಮೆರಾಮನ್ ಅಷ್ಟು ಆರಾಮಾಗಿ ಟ್ರೈಪಾಡ್ ಊರಿ ನಿಲ್ಲಲು ಆಗುತ್ತಿರಲಿಲ್ಲ. ಎದುರಿನಿಂದ, ಶತ್ರುವಿನ ದಿಕ್ಕಿನಿಂದ ತೆಗೆದ ದಾಳಿಯ ಶಾಟ್ ಕಂಡರೆ ತಕ್ಷಣ ಅನುಮಾನಿಸಿ.

ನಮ್ಮ ದೇಶದ ಕಥೆ ಕಾನೂನಿನ ಮೂಲಕ ನಡೆಯಿತು. 1930ರ ದಂಡಿಯಾತ್ರೆಯ ಚಿತ್ರಗಳನ್ನು ಬ್ರಿಟಿಷ್ ಆಡಳಿತ ನಿಷೇಧಿಸಿತು. 1943ರಲ್ಲಿ ತಾನೇ ‘ಇಂಡಿಯನ್ ನ್ಯೂಸ್ ಪೆರೇಡ್’ ಶುರುಮಾಡಿ, ಭಾರತ ರಕ್ಷಣಾ ನಿಯಮಗಳಡಿ ಪ್ರತಿ ಪ್ರದರ್ಶನದಲ್ಲೂ ಸರ್ಕಾರ ಒಪ್ಪಿದ 2,000 ಅಡಿಯವರೆಗಿನ ಫಿಲ್ಮನ್ನು ಕಡ್ಡಾಯ ಮಾಡಿತು. ಅದು ಇಪ್ಪತ್ತೆರಡು ನಿಮಿಷ. ಕಚ್ಚಾ ಫಿಲ್ಮಿನ ಅಭಾವದಿಂದ ಕಥಾಚಿತ್ರಗಳನ್ನೇ 11,000 ಅಡಿಗೆ ಮೊಟಕು ಮಾಡಿದ್ದ ಕಾಲದಲ್ಲಿ ಇದು ಚಿಕ್ಕ ಹೊರೆಯಲ್ಲ. 1946ರಲ್ಲಿ ಆ ಘಟಕ ಮುಚ್ಚಿತು. ಪರಿಣಾಮವಾಗಿ 1947ರ ಆಗಸ್ಟ್‌ನಲ್ಲಿ ಅಧಿಕಾರ ಹಸ್ತಾಂತರವನ್ನು ಚಿತ್ರೀಕರಿಸಲು ಭಾರತ ಸರ್ಕಾರಕ್ಕೆ ಸ್ವಂತ ವಾರ್ತಾಚಿತ್ರ ಘಟಕವೇ ಇರಲಿಲ್ಲ.

1948ರಲ್ಲಿ ಬಂದ ಸರ್ಕಾರದ ಚಿತ್ರ ಘಟಕ ಫಿಲ್ಮ್ಸ್ ಡಿವಿಷನ್ ಹಳೆಯ ಪದ್ಧತಿಯನ್ನೇ ಮುಂದುವರಿಸಿತು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಇಂಥ ಚಿತ್ರಗಳ ಪ್ರದರ್ಶನ ಲೈಸೆನ್ಸಿನ ಷರತ್ತಾಯಿತು. ಥಿಯೇಟರಿನವರು ವಾರದ ನಿವ್ವಳ ಗಳಿಕೆಯ ಶೇಕಡಾ 1ರಷ್ಟು ಬಾಡಿಗೆಯನ್ನೂ ಕೊಡಬೇಕಿತ್ತು. ಪ್ರೇಕ್ಷಕ ಕೇಳಿರದ, ಪ್ರದರ್ಶಕ ತಿರಸ್ಕರಿಸಲಾಗದ ಚಿತ್ರ. ಸುಪ್ರೀಂ ಕೋರ್ಟ್ 1999ರಲ್ಲಿ ಈ ಕಡ್ಡಾಯವನ್ನು ಎತ್ತಿಹಿಡಿಯಿತು. ಕನ್ನಡವೂ ಸೇರಿದಂತೆ ಹಲವು ಭಾಷೆಗಳ ನಿರೂಪಣೆಯಲ್ಲಿ ಪ್ರಿಂಟುಗಳು ಹೋಗುತ್ತಿದ್ದವು. ದೇಶ ಕಟ್ಟುವ ಉತ್ಸಾಹವನ್ನು ಆ ರೀಲುಗಳಲ್ಲಿ ಇವತ್ತಿಗೂ ಕಾಣಬಹುದು, ಅದನ್ನು ಹಗುರವಾಗಿ ನೋಡಬಾರದು. ಆದರೆ ಸುದ್ದಿ ಹರಿಯುವ ಪೈಪು ಒಂದೇ ಕೈಯಲ್ಲಿದ್ದರೆ ಏನಾಗುತ್ತದೆಂಬುದು ತುರ್ತು ಪರಿಸ್ಥಿತಿಯಲ್ಲಿ ಕಂಡಿತು; ಸರ್ಕಾರಿ ಮಾಧ್ಯಮಗಳ ದುರ್ಬಳಕೆಯನ್ನು ಆ ಕಾಲದ ಅತಿರೇಕಗಳ ತನಿಖೆ ಮಾಡಿದ ಷಾ ಆಯೋಗ ದಾಖಲಿಸಿದೆ.

ಇನ್ನು ಕಥಾಚಿತ್ರದೊಳಗಿನ ನಕಲು. ಮಾದರಿ ಎಂದರೆ ಇವತ್ತಿಗೂ 1941ರ ‘ಸಿಟಿಜನ್ ಕೇನ್’. ಅದರ ಆರಂಭದಲ್ಲಿ ಕಥಾನಾಯಕ ಕೇನ್ ಬಗ್ಗೆ ಬರುವ ನಕಲಿ ವಾರ್ತಾಚಿತ್ರ ಅಣಕಿಸಿದ್ದು ‘ದ ಮಾರ್ಚ್ ಆಫ್ ಟೈಮ್’ ಎಂಬ ಅಮೆರಿಕದ ವಾರ್ತಾಚಿತ್ರ ಸರಣಿಯನ್ನು. 1935ರಿಂದ 1951ರವರೆಗೆ ನಡೆದ ಆ ಸರಣಿ ಘಟನೆಗಳನ್ನು ನಟರಿಂದ ಮರುಸೃಷ್ಟಿ ಮಾಡಿ ನಿಜದ ಶಾಟುಗಳ ನಡುವೆ ಸೇರಿಸಲು ಹಿಂಜರಿಯುತ್ತಿರಲಿಲ್ಲ. ಕೇನ್‌ನ ತಂಡ ಹಳೆಯದೆಂದು ತೋರಿಸಬೇಕಾದ ಫಿಲ್ಮನ್ನು ನೆಲದ ಮೇಲೆ ಎಳೆದಾಡಿ, ಮರಳು ಹಾಕಿದ ಬಟ್ಟೆಯಲ್ಲಿ ಉಜ್ಜಿ ಗೀರು ಮೂಡಿಸಿತು. ಎಲ್ಲರಿಗೂ ನೆನಪಿರುವುದು ಇಷ್ಟೇ. ಗಮನಿಸಬೇಕಾದ್ದು ಬೇರೆ: ಅಲ್ಲಿ ಪ್ರತಿ ಕಾಲದ ತುಣುಕಿಗೂ ಅದರದೇ ಗುಣ ಇದೆ. ಮೂಕಿ ಕಾಲದ ತುಣುಕು ಚಡಪಡಿಸುತ್ತದೆ, ವೃದ್ಧ ಕೇನ್‌ನನ್ನು ಬೇಲಿಯ ಸಂದಿನಿಂದ ಕದ್ದು ತೆಗೆದಂತೆ ಅಲುಗಾಡುವ ಶಾಟಿದೆ. ಕ್ಯಾಮೆರಾ ಅಲ್ಲಿಗೆ ಹೇಗೆ ಬಂತು ಎಂಬುದಕ್ಕೆ ಶಾಟೇ ಉತ್ತರ ಕೊಡುತ್ತದೆ.

ಗೀರಿನ ವಿಷಯಕ್ಕೆ ಬಂದರೆ, ಮೊದಲ ಪ್ರಶ್ನೆ: ನಿಮ್ಮ ಪಾತ್ರಗಳು ಅದನ್ನು ಯಾವಾಗ, ಎಲ್ಲಿ ನೋಡುತ್ತಿದ್ದಾರೆ? 1952ರಲ್ಲಿ ಬೆಂಗಳೂರಿನ ದೊಡ್ಡ ಥಿಯೇಟರಿನಲ್ಲಿ ಆ ವಾರದ ವಾರ್ತಾಚಿತ್ರ ನೋಡುತ್ತಿದ್ದರೆ ಪ್ರಿಂಟ್ ಹೊಸದು, ಗೀರು ಇರಬಾರದು. ಅದೇ ಪ್ರಿಂಟ್ ಊರೂರು ಸುತ್ತಿ ತಿಂಗಳುಗಳ ನಂತರ ಟೂರಿಂಗ್ ಟಾಕೀಸಿಗೆ ಬಂದಿದ್ದರೆ ಧಾರಾಳವಾಗಿ ಹಾಕಿ, ಆದರೆ ರೀಲಿನ ಆರಂಭ ಮತ್ತು ಕೊನೆಯಲ್ಲಿ ಹೆಚ್ಚು, ನಡುವೆ ಕಡಿಮೆ. ಪ್ರಿಂಟಿನ ಹಿಂಬದಿ ತರಚಿದರೆ ಗೀರು ಕಪ್ಪಗೆ ಕಾಣುತ್ತದೆ, ಚಿತ್ರವಿರುವ ಪದರವೇ ಕಿತ್ತರೆ ಬಿಳಿ. ಪ್ರಿಂಟಿನ ಮೇಲಿನ ಧೂಳು ಕಪ್ಪು ಚುಕ್ಕೆ, ನೆಗೆಟಿವ್ ಮೇಲಿನ ಧೂಳು ಬಿಳಿ ಚುಕ್ಕೆ. ಪ್ರೊಜೆಕ್ಟರ್ ಎಳೆದ ಗೀರು ಶಾಟ್ ಬದಲಾದರೂ ಅದೇ ಜಾಗದಲ್ಲಿ ಮುಂದುವರಿಯುತ್ತದೆ. ಹಳೆಯ ಸಂಗ್ರಹದ ಶಾಟಿನೊಳಗಿನ ಗೀರು ಆ ಶಾಟಿನೊಂದಿಗೇ ಮುಗಿಯುತ್ತದೆ. ಸಿದ್ಧ ಫಿಲ್ಟರುಗಳು ಈ ವ್ಯತ್ಯಾಸ ಅರಿಯವು. ಅದಕ್ಕೇ ಅವು ಸುಳ್ಳೆನಿಸುತ್ತವೆ.

ಕಂದು ಬಣ್ಣ ಬೇಡವೇ ಬೇಡ. ಅದು ಫೋಟೋ ಆಲ್ಬಮ್ಮಿನ ರೂಢಿ. ವಾರ್ತಾಚಿತ್ರ ಶುದ್ಧ ಕಪ್ಪು-ಬಿಳುಪು. ಹಳೆಯ ತುಣುಕನ್ನು ಪ್ರಿಂಟಿನಿಂದ ಮತ್ತೆ ನೆಗೆಟಿವ್, ಮತ್ತೆ ಪ್ರಿಂಟ್ ಮಾಡುತ್ತಾ ಹೋದಷ್ಟೂ ಕಾಂಟ್ರಾಸ್ಟ್ ಏರುತ್ತದೆ, ಗ್ರೇನ್ (ಚಿತ್ರದ ಕಣ) ದಪ್ಪವಾಗುತ್ತದೆ, ನೆರಳಿನ ವಿವರ ಮುಚ್ಚಿಹೋಗುತ್ತದೆ. ಹಾಗಾಗಿ ಪಂಚೆಯ ಬಿಳುಪು ಹರಿಯಲಿ, ಮುಖದ ನೆರಳು ಮುಳುಗಲಿ. ಚೌಕಟ್ಟಿನ ಅಗಲ-ಎತ್ತರ 1.37ಕ್ಕೆ 1. ಜೂಮ್ ಬೇಡ, 1950ರ ಸುದ್ದಿ ಕ್ಯಾಮೆರಾಮನ್ ಲೆನ್ಸ್ ತಿರುಗಿಸಿ ಬದಲಿಸುತ್ತಿದ್ದ. ಐಮೋದಲ್ಲಿ ನೋಡುವ ಕಿಂಡಿ ಬೇರೆ, ಲೆನ್ಸ್ ಬೇರೆ. ಹತ್ತಿರದ ಶಾಟುಗಳಲ್ಲಿ ತಲೆ ಸ್ವಲ್ಪ ಕತ್ತರಿಸಿಹೋಗುತ್ತಿತ್ತು. ಎರಡು ನಿಮಿಷದಲ್ಲಿ ಅಂಥ ಒಂದು ಶಾಟ್ ಸಾಕು. ಕ್ಯಾಮೆರಾ ವೇಗ ಹಿಡಿಯುವ ಮೊದಲ ಒಂದೆರಡು ಫ್ರೇಮು ಹೆಚ್ಚು ಬೆಳಕು ಕುಡಿದು ಬೆಳ್ಳಗಾಗುತ್ತವೆ. ಅವಸರದಲ್ಲಿ ಎಡಿಟರ್ ಬಿಟ್ಟಂತೆ ಎಲ್ಲಾದರೂ ಒಂದು ಕಡೆ ಉಳಿಸಿ.

ಮೂಕಿ ಕಾಲದ ತುಣುಕು ಬೇಕಿದ್ದರೆ ಸೆಕೆಂಡಿಗೆ 24 ಫ್ರೇಮಿನಲ್ಲಿ ತೆಗೆದು 16ಕ್ಕೆ ಇಳಿಸಿ. ಆಮೇಲೆ ಎರಡು ದಾರಿ: 24ರ ವೇಗದಲ್ಲೇ ಓಡಿಸಿದರೆ ಜನ ಒಂದೂವರೆ ಪಟ್ಟು ಬೇಗ ನಡೆಯುತ್ತಾರೆ; ಪ್ರತಿ ಎರಡನೇ ಫ್ರೇಮನ್ನು ಎರಡು ಸಲ ಇಟ್ಟರೆ ವೇಗ ಸರಿಯಾಗಿ, ನಡಿಗೆ ತುಸು ತಡವರಿಸುತ್ತದೆ. ಎರಡೂ ಧ್ವನಿ ಬಂದ ಮೇಲೆ ಬಳಕೆಯಲ್ಲಿದ್ದ ದಾರಿಗಳೇ.

ಜೂನಿಯರ್ ಕಲಾವಿದರಿಗೆ ‘ಕ್ಯಾಮೆರಾ ನೋಡಬೇಡಿ’ ಅನ್ನುವ ಅಭ್ಯಾಸ ಇಲ್ಲಿ ಕೆಡಿಸುತ್ತದೆ. ನಿಜವಾದ ಗುಂಪು ಕ್ಯಾಮೆರಾವನ್ನೇ ನೋಡುತ್ತದೆ, ಹುಡುಗರು ಮುಂದೆ ಬಂದು ಇಣುಕುತ್ತಾರೆ. ನೋಡಲು ಬಿಡಿ.

ನಿರೂಪಣೆಗೆ ಅತಿ ಹೆಚ್ಚು ಸಮಯ ಕೊಡಿ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ, ರಿಬ್ಬನ್ ಕತ್ತರಿಸುವ ಶಾಟಿಗೆ ಸರಿಯಾಗಿ ಓದಲು ಶುರುಮಾಡಿದರೆ ‘ಉದ್ಘಾಟಿಸಿದರು’ ಬರುವ ಹೊತ್ತಿಗೆ ಚಿತ್ರ ಮುಂದೆ ಹೋಗಿರುತ್ತದೆ. ವಾಕ್ಯವನ್ನು ಹಿಂದಿನ ಶಾಟಿನಿಂದಲೇ ಎತ್ತಿಕೊಳ್ಳಿ. ಭಾಷೆ ಪೂರ್ಣ ಗ್ರಾಂಥಿಕ, ವಾಕ್ಯ ಚಿಕ್ಕದು, ನಿರೂಪಕನಿಗೆ ಎಲ್ಲೂ ಅನುಮಾನವಿಲ್ಲ. ದನಿಯನ್ನು ಸುಮಾರು 100 ಹರ್ಟ್ಸ್‌ನಿಂದ 7,000 ಹರ್ಟ್ಸ್‌ವರೆಗಷ್ಟೇ ಉಳಿಸಿ, ಟೆಲಿಫೋನಿನಂತೆ ಹಿಂಡಬೇಡಿ. ಸಂಗೀತವನ್ನು ಭಾವಕ್ಕೆ ತಕ್ಕಂತೆ ಹೊಸದಾಗಿ ಹೊಂದಿಸದೆ, ಸಿದ್ಧ ಮಾರ್ಚೊಂದನ್ನು ಹಾಕಿ, ಸುದ್ದಿ ಮುಗಿದಲ್ಲಿ ಕಟುವಾಗಿ ಕತ್ತರಿಸಿ.

ಒಂದು ಎಚ್ಚರಿಕೆ ಮಾತ್ರ ಬಿಡಬಾರದು. 1934ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಚುನಾವಣೆಯಲ್ಲಿ ಅಪ್ಟನ್ ಸಿಂಕ್ಲೇರ್ ವಿರುದ್ಧ ಎಂಜಿಎಂ ಸ್ಟುಡಿಯೋ ನ್ಯೂಸ್‌ರೀಲಿನ ವೇಷದ ಚಿತ್ರಗಳನ್ನು ಮಾಡಿ ಥಿಯೇಟರುಗಳಿಗೆ ಹಂಚಿತು. ನೀಟಾಗಿ ಉಡುಪು ತೊಟ್ಟವರು ಎದುರಾಳಿ ಮೆರಿಯಮ್ ಪರ, ಹರಕು ಬಟ್ಟೆಯವರು ಸಿಂಕ್ಲೇರ್ ಪರ ಮಾತಾಡುವಂತೆ ಜೋಡಿಸಲಾಗಿತ್ತು. ಸಿಂಕ್ಲೇರ್ ಸೋತರು. ನೀವು ಚೆನ್ನಾಗಿ ಮಾಡಿದ ನಕಲು ಸಿನಿಮಾದಿಂದ ಕಿತ್ತುಬಂದು ವಾಟ್ಸ್‌ಆ್ಯಪಿನಲ್ಲಿ ‘ಅಪರೂಪದ ದಾಖಲೆ’ಯಾಗಿ ಸುತ್ತುವುದು ಖಂಡಿತ. ಆದ್ದರಿಂದ ವಾರ್ತಾಚಿತ್ರ ಕಂಪನಿಗೆ ಕಲ್ಪಿತ ಹೆಸರಿಡಿ, ಅದರ ಮುದ್ರೆ ಶೀರ್ಷಿಕೆಯಲ್ಲಷ್ಟೇ ಅಲ್ಲದೆ ಪ್ರತಿ ಶಾಟಿನ ಮೂಲೆಯಲ್ಲೂ ಇರಲಿ. ನಿಜದ ತುಣುಕಿನ ಜೊತೆ ಬೆರೆಸಿದ್ದರೆ ಯಾವ ಶಾಟ್ ಎಲ್ಲಿಂದ ಬಂತೆಂಬ ಪಟ್ಟಿಯನ್ನು ಪ್ರಾಜೆಕ್ಟಿನ ಜೊತೆ ಇಡಿ.

ನಿಜದ ತುಣುಕಿಗಾಗಿ ಹೋಗಬೇಕಾದ್ದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮಕ್ಕೆ, ಅಂದರೆ ಎನ್‌ಎಫ್‌ಡಿಸಿಗೆ. ಫಿಲ್ಮ್ಸ್ ಡಿವಿಷನ್ 2022ರಲ್ಲಿ ಅದರೊಳಗೆ ವಿಲೀನವಾಗಿದೆ. ಕೇಳುವಾಗ ಪೂರ್ಣ ಫ್ರೇಮಿನ ಸ್ಕ್ಯಾನ್ ಬೇಕೆಂದು ಲಿಖಿತವಾಗಿ ಹೇಳಿ. ಟೀವಿ ಅಳತೆಗೆಂದು ಮೇಲೆ ಕೆಳಗೆ ಕತ್ತರಿಸಿದ ಪ್ರತಿ ಬಂದರೆ ಕಾಲು ಭಾಗ ಚಿತ್ರ ಹೋಗಿರುತ್ತದೆ, ಅದನ್ನು ಮರಳಿ ಪಡೆಯುವ ದಾರಿ ಎಡಿಟಿಂಗ್ ಟೇಬಲ್ಲಿನಲ್ಲಿ ಇಲ್ಲ.